ಸ್ಟ್ರಾಬೆರಿ ಗಾಡಿ ನಿಂತ ಜಾಗ: ಜಪಾನಿ ಅಮೆರಿಕನ್ನರು ಈಗ್ಯಾಕೆ ಬೀದಿಗಿಳಿದಿದ್ದಾರೆ?

2025ರ ಆಗಸ್ಟ್ 14. ಲಾಸ್ ಏಂಜಲೀಸ್‌ನ ಲಿಟಲ್ ಟೋಕಿಯೋ ಬಡಾವಣೆ. ಅಲ್ಲಿನ ಜಪಾನಿ ಅಮೆರಿಕನ್ ರಾಷ್ಟ್ರೀಯ ಮ್ಯೂಸಿಯಂ ಆವರಣದಲ್ಲಿ ಕ್ಯಾಲಿಫೋರ್ನಿಯಾದ ಗವರ್ನರ್ ಗ್ಯಾವಿನ್ ನ್ಯೂಸಮ್ ಪತ್ರಿಕಾಗೋಷ್ಠಿ ಕರೆದಿದ್ದರು. ಅದೇ ಹೊತ್ತಿಗೆ ಹೊರಗೆ ಗಡಿ ಗಸ್ತು ಪಡೆಯವರು ಬಂದಿಳಿದರು. ಅಲ್ಲಿಗೆ ಸ್ಟ್ರಾಬೆರಿ ತಲುಪಿಸಲು ಬಂದಿದ್ದ ಒಬ್ಬನನ್ನು ಹಿಡಿದುಕೊಂಡು ಹೋದರು.

ಸಿಕ್ಕಿಬಿದ್ದವನು ಜಪಾನಿ ಮೂಲದವನಲ್ಲ. ಆದರೂ ಹೆಚ್ಚು ಸಿಟ್ಟಾದವರಲ್ಲಿ ಜಪಾನಿ ಅಮೆರಿಕನ್ನರಿದ್ದರು. ಈ ಸುದ್ದಿ ಓದಿದ ಅನೇಕರಿಗೆ ಗೊಂದಲ ಆಗಿದ್ದು ಇಲ್ಲೇ. ಅಮೆರಿಕಕ್ಕೆ ಹೋಗಿ ನೂರು ವರ್ಷ ದಾಟಿದ, ಓದು, ಸಂಬಳ, ಮನೆ ಎಲ್ಲವೂ ಇರುವ ಜನ. ಅವರ ಮೊಮ್ಮಕ್ಕಳಿಗೆ ಜಪಾನಿ ಭಾಷೆಯೇ ಬರುವುದಿಲ್ಲ. ಅಲ್ಲಿ ಸಂಪೂರ್ಣ ಬೆರೆತುಹೋದವರು ಯಾರು ಅಂದರೆ ಎಲ್ಲರೂ ಇವರತ್ತಲೇ ಬೆರಳು ತೋರಿಸುತ್ತಾರೆ. ಕಾಗದಪತ್ರ ಇಲ್ಲದ ಲ್ಯಾಟಿನ್ ಅಮೆರಿಕದ ವಲಸಿಗರ ಜಗಳ ಇವರಿಗ್ಯಾಕೆ?

ಉತ್ತರದ ಅರ್ಧ ಭಾಗ ಆ ಜಾಗದಲ್ಲೇ ಇದೆ. ಮ್ಯೂಸಿಯಂನ ಹಳೇ ಕಟ್ಟಡ ಮೊದಲು ಬೌದ್ಧ ದೇವಸ್ಥಾನವಾಗಿತ್ತು. 1942ರಲ್ಲಿ ಅದರ ಮುಂದೆಯೇ ಜಪಾನಿ ಕುಟುಂಬಗಳು ಗಂಟುಮೂಟೆ ಹಿಡಿದು ಸಾಲಾಗಿ ನಿಂತಿದ್ದವು. ಅವರನ್ನು ಶಿಬಿರಗಳಿಗೆ ಸಾಗಿಸುವ ಬಸ್ಸುಗಳು ಹೊರಟಿದ್ದು ಅಲ್ಲಿಂದಲೇ. ಉಳಿದರ್ಧ ಉತ್ತರಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ತಲೆಮಾರಿಗೊಂದು ನಂಬರು

ಜಪಾನಿ ಅಮೆರಿಕನ್ನರು ತಮ್ಮ ತಲೆಮಾರುಗಳನ್ನು ಎಣಿಸುತ್ತಾರೆ. ವಲಸೆ ಬಂದವರು ಇಸ್ಸೇ. ಅವರ ಮಕ್ಕಳು ನಿಸೇ, ಮೊಮ್ಮಕ್ಕಳು ಸಾನ್ಸೇ, ಮರಿಮಕ್ಕಳು ಯೊನ್ಸೇ. ಒಂದು, ಎರಡು, ಮೂರು, ನಾಲ್ಕು ಅಷ್ಟೇ. ಅಮೆರಿಕಕ್ಕೆ ಬೇರೆ ವಲಸಿಗರೂ ಬಂದಿದ್ದಾರೆ, ಆದರೆ ಇಷ್ಟು ಖಚಿತವಾಗಿ ನಂಬರು ಹಚ್ಚಿಕೊಂಡವರು ಕಡಿಮೆ. ಯಾಕೆ?

ಇದಕ್ಕೆ ಕಾರಣ ಕಾನೂನು. 1885ರಿಂದ ಜಪಾನಿ ಕೂಲಿಗಳು ದೊಡ್ಡ ಸಂಖ್ಯೆಯಲ್ಲಿ ಹವಾಯಿಯ ಕಬ್ಬಿನ ತೋಟಗಳಿಗೆ ಬಂದರು, ಆಮೇಲೆ ಪಶ್ಚಿಮ ಕರಾವಳಿಗೆ. 1907-08ರ ಒಪ್ಪಂದದ ಪ್ರಕಾರ ಕೂಲಿಗಳಿಗೆ ಪಾಸ್‌ಪೋರ್ಟ್ ಕೊಡುವುದನ್ನು ಜಪಾನ್ ನಿಲ್ಲಿಸಿತು. ಅಲ್ಲಿ ಆಗಲೇ ಇದ್ದವರ ಹೆಂಡತಿ, ಮಕ್ಕಳು, ತಂದೆತಾಯಿ ಮಾತ್ರ ಬರಬಹುದಿತ್ತು. ಹಾಗಾಗಿ ಊರಿನಲ್ಲಿ ಫೋಟೋ ನೋಡಿ ಮದುವೆ ಗೊತ್ತುಮಾಡಿ, ಹುಡುಗಿಯನ್ನು ಹಡಗು ಹತ್ತಿಸುವ ಪದ್ಧತಿ ಬೆಳೆಯಿತು. 1920ರಲ್ಲಿ ಅದೂ ನಿಂತಿತು. 1924ರ ವಲಸೆ ಕಾನೂನು ಬಾಗಿಲನ್ನೇ ಮುಚ್ಚಿತು.

ಇದರಿಂದ ಏನಾಯಿತು ನೋಡಿ. ವಲಸಿಗರೆಲ್ಲ ಹೆಚ್ಚುಕಡಿಮೆ ಒಂದೇ ಕಾಲದಲ್ಲಿ ಬಂದವರಾದರು. ಅವರ ಮಕ್ಕಳೂ ಹೆಚ್ಚುಕಡಿಮೆ ಒಂದೇ ವಯಸ್ಸಿನವರು. ಹಾಗಾಗಿ ನಿಸೇ ಅಂದರೆ ಬರೀ ಎರಡನೇ ತಲೆಮಾರಲ್ಲ, ಒಟ್ಟಿಗೆ ಶಾಲೆಗೆ ಹೋದ, ಒಟ್ಟಿಗೆ ಯುದ್ಧ ಕಂಡ ಒಂದು ಗುಂಪು. ಅಮೆರಿಕದ ಕನ್ನಡಿಗರ ಕಥೆ ಹೀಗಿಲ್ಲ. ಅಲ್ಲಿಗೆ ಪ್ರತಿವರ್ಷ ಬೆಂಗಳೂರು, ಮೈಸೂರಿನಿಂದ ಹೊಸಬರು ಬರುತ್ತಲೇ ಇರುತ್ತಾರೆ, ಭಾಷೆಗೂ ಹಬ್ಬಕ್ಕೂ ಹೊಸ ನೀರು ಸೇರುತ್ತಲೇ ಇರುತ್ತದೆ. ಜಪಾನಿಯರಿಗೆ ಆ ನೀರು 1924ರಲ್ಲೇ ನಿಂತುಹೋಯಿತು.

ಓಜಾವಾ ಇನ್ನೇನು ಮಾಡಬೇಕಿತ್ತು?

ಹೋದ ಕಡೆ ಅಲ್ಲಿಯವರಂತೆ ಬೆರೆತರೆ ಯಾವ ತೊಂದರೆಯೂ ಇರುವುದಿಲ್ಲ ಎಂಬ ಮಾತು ಎಲ್ಲ ದೇಶಗಳಲ್ಲೂ ಇದೆ. ತಾಕಾವೋ ಓಜಾವಾ ಅದನ್ನು ಅಕ್ಷರಶಃ ನಂಬಿದ ಮನುಷ್ಯ. ಚಿಕ್ಕ ವಯಸ್ಸಿಗೇ ಬಂದವರು. ಬರ್ಕ್ಲಿಯಲ್ಲಿ ಹೈಸ್ಕೂಲು ಮುಗಿಸಿ, ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಓದಿದರು. ಮನೆಯಲ್ಲಿ ಆಡುತ್ತಿದ್ದದ್ದು ಇಂಗ್ಲಿಷ್. ಮಕ್ಕಳು ಅಮೆರಿಕನ್ ಚರ್ಚಿಗೆ, ಅಮೆರಿಕನ್ ಶಾಲೆಗೆ ಹೋಗುತ್ತಿದ್ದರು. ಪೌರತ್ವಕ್ಕೆ ಅರ್ಜಿ ಹಾಕಿದರು. ಪ್ರಕರಣ ಸುಪ್ರೀಂ ಕೋರ್ಟ್‌ವರೆಗೂ ಹೋಯಿತು.

1922ರ ತೀರ್ಪು ಅವರ ಗುಣದಲ್ಲಿ ಕೊರತೆ ಹುಡುಕಲಿಲ್ಲ. ಕಾನೂನು ಪೌರತ್ವ ಕೊಡುವುದು ಬಿಳಿಯರಿಗೆ ಮತ್ತು ಆಫ್ರಿಕಾ ಮೂಲದವರಿಗೆ ಮಾತ್ರ, ಬಿಳಿಯರೆಂದರೆ ಕಕೇಷಿಯನ್ನರು, ನೀವು ಅವರಲ್ಲ ಎಂದಿತು. ಮೂರೇ ತಿಂಗಳಾದ ಮೇಲೆ, 1923ರಲ್ಲಿ, ಪಂಜಾಬಿನ ಭಗತ್ ಸಿಂಗ್ ಥಿಂಡ್ ಅದೇ ಕೋರ್ಟಿಗೆ ಬಂದರು. ಅಮೆರಿಕದ ಸೈನ್ಯದಲ್ಲಿ ಕೆಲಸ ಮಾಡಿದವರು. ವಿಜ್ಞಾನದ ಪ್ರಕಾರ ಭಾರತೀಯರೂ ಕಕೇಷಿಯನ್ನರೇ ಅಲ್ವಾ ಎಂದು ವಾದಿಸಿದರು. ಇರಬಹುದು, ಆದರೆ ಜನಸಾಮಾನ್ಯರು ನಿಮ್ಮನ್ನು ಬಿಳಿಯರೆಂದು ಕರೆಯುವುದಿಲ್ಲವಲ್ಲ ಎಂದು ಕೋರ್ಟು ಹೊಸ ಅಳತೆಗೋಲು ತೆಗೆಯಿತು. ಒಬ್ಬರಿಗೆ ಒಂದು ನಿಯಮ, ಇನ್ನೊಬ್ಬರಿಗೆ ಇನ್ನೊಂದು. ಇಬ್ಬರಿಗೂ ಸಿಕ್ಕ ಉತ್ತರ ಮಾತ್ರ ಒಂದೇ.

ಪೌರತ್ವ ಇಲ್ಲದ್ದರಿಂದ ಹೊಟ್ಟೆಪಾಡಿಗೂ ಪೆಟ್ಟು ಬಿತ್ತು. ಕ್ಯಾಲಿಫೋರ್ನಿಯಾದ 1913ರ ಭೂ ಕಾನೂನಿನಲ್ಲಿ ಜಪಾನಿ ಎಂಬ ಪದವೇ ಇಲ್ಲ. ಪೌರತ್ವಕ್ಕೆ ಅರ್ಹರಲ್ಲದ ವಿದೇಶಿಯರು ಕೃಷಿ ಭೂಮಿ ಕೊಳ್ಳುವಂತಿಲ್ಲ ಎಂದಷ್ಟೇ ಬರೆದಿತ್ತು. ಅದು ಯಾರ ಮೇಲಿನ ಕಣ್ಣು ಎಂದು ಎಲ್ಲರಿಗೂ ಗೊತ್ತಿತ್ತು. ಆದರೆ ಒಂದು ಕಿಂಡಿ ಉಳಿದಿತ್ತು. ಅಮೆರಿಕದ ನೆಲದಲ್ಲಿ ಹುಟ್ಟಿದ ಮಗು ಅಮೆರಿಕದ ಪ್ರಜೆ ಎಂದು 1898ರಲ್ಲಿ ವಾಂಗ್ ಕಿಮ್ ಆರ್ಕ್ ಎಂಬ ಚೀನೀ ಮೂಲದವರ ಪ್ರಕರಣದಲ್ಲಿ ತೀರ್ಮಾನವಾಗಿತ್ತು. ಅನೇಕ ಇಸ್ಸೇಗಳು ಜಮೀನನ್ನು ಎಳೆ ಮಕ್ಕಳ ಹೆಸರಿನಲ್ಲಿ ಬರೆಸಿದರು. ಸ್ಟ್ರಾಬೆರಿ, ಸೆಲರಿ, ಟೊಮೇಟೊ ಬೆಳೆದರು. ಅಪ್ಪ ವಿದೇಶಿ, ತೊಟ್ಟಿಲಿನ ಮಗು ಜಮೀನ್ದಾರ!

ಪ್ರಜೆಯಲ್ಲ, 'ನಾನ್-ಏಲಿಯನ್'

1941ರ ಡಿಸೆಂಬರ್ 7ರಂದು ಜಪಾನ್ ಪರ್ಲ್ ಹಾರ್ಬರ್ ಮೇಲೆ ದಾಳಿ ಮಾಡಿತು. ಮುಂದೆ ನಡೆದದ್ದರಲ್ಲಿ ಎರಡು ಬೇರೆಬೇರೆ ಕಾನೂನುಗಳಿವೆ. ಇವತ್ತಿನ ಚರ್ಚೆಯಲ್ಲಿ ಇವೆರಡೂ ಕಲಸಿಹೋಗುತ್ತವೆ, ಹಾಗಾಗಿ ಬಿಡಿಸಿಯೇ ಹೇಳಬೇಕು.

ಮೊದಲನೆಯದು 1798ರ ಶತ್ರು ವಿದೇಶಿಯರ ಕಾಯ್ದೆ. ದಾಳಿಯಾದ ದಿನವೇ ಇದನ್ನು ಬಳಸಿ ಇಸ್ಸೇಗಳನ್ನು ಬಂಧಿಸಲು ಶುರುಮಾಡಿದರು. ಮೊದಲು ಒಳಗೆ ಹೋದವರಲ್ಲಿ ಬೌದ್ಧ ಪುರೋಹಿತರು, ಜಪಾನಿ ಭಾಷೆಯ ಮೇಷ್ಟ್ರುಗಳು, ಪತ್ರಿಕೆಯವರು, ಸಂಘಗಳ ಮುಖ್ಯಸ್ಥರು ಇದ್ದರು. ಅಂದರೆ ಸಂಸ್ಕೃತಿಯನ್ನು ಮುಂದಿನವರಿಗೆ ದಾಟಿಸುವ ಜನ. ಉಳಿದ ಮನೆಗಳಿಗೆ ಪಾಠ ಬೇಗ ಅರ್ಥವಾಯಿತು. ಹಿತ್ತಲಲ್ಲಿ ಬೆಂಕಿ ಹಾಕಿ ಕಾಗದ, ಫೋಟೋ, ಜಪಾನಿ ಪುಸ್ತಕ ಸುಟ್ಟರು. ಗೊಂಬೆಗಳನ್ನು ಮಣ್ಣಿನಲ್ಲಿ ಹೂತರು.

ಎರಡನೆಯದು ಅಧ್ಯಕ್ಷ ರೂಸ್‌ವೆಲ್ಟ್ 1942ರ ಫೆಬ್ರವರಿ 19ರಂದು ಸಹಿ ಮಾಡಿದ 9066ನೇ ಆದೇಶ. ಪಶ್ಚಿಮ ಕರಾವಳಿಯಿಂದ ಜಪಾನಿ ಮೂಲದವರನ್ನೆಲ್ಲ ಎಬ್ಬಿಸಿದ್ದು ಇದು. ಸುಮಾರು 1,20,000 ಜನ. ಮೂರರಲ್ಲಿ ಎರಡು ಪಾಲು ಅಲ್ಲೇ ಹುಟ್ಟಿದ ಪ್ರಜೆಗಳು. ಗೋಡೆಗೆ ಅಂಟಿಸಿದ ನೋಟಿಸಿನಲ್ಲಿ ಜಪಾನಿ ಮೂಲದ ಎಲ್ಲರೂ, 'ಏಲಿಯನ್' ಮತ್ತು 'ನಾನ್-ಏಲಿಯನ್' ಇಬ್ಬರೂ, ಹೊರಡಬೇಕು ಎಂದಿತ್ತು. ಪ್ರಜೆ ಎಂದು ಬರೆದಿದ್ದರೆ ಪ್ರಜೆಯನ್ನು ವಿಚಾರಣೆಯಿಲ್ಲದೆ ಹೇಗೆ ಕೂಡಿಹಾಕುತ್ತೀರಿ ಎಂಬ ಪ್ರಶ್ನೆ ಏಳುತ್ತಿತ್ತು. ಅದಕ್ಕೆ 'ವಿದೇಶಿಯಲ್ಲದವನು' ಎಂಬ ಹೊಸ ಜಾತಿ ಹುಟ್ಟಿತು.

ಕೈಯಲ್ಲಿ ಹಿಡಿಯುವಷ್ಟು ಸಾಮಾನು ಮಾತ್ರ ಒಯ್ಯಬಹುದಿತ್ತು. ಒಂದೊಂದು ಕುಟುಂಬಕ್ಕೂ ಒಂದು ನಂಬರು, ಕೋಟಿನ ಗುಂಡಿಗೆ ಕಟ್ಟುವ ಚೀಟಿ. ಸ್ಯಾನ್ ಹೊಸೆಯ ಹತ್ತು ವರ್ಷದ ಹುಡುಗನೊಬ್ಬ ಸ್ಕೌಟ್ ಸಮವಸ್ತ್ರ ಹಾಕಿಕೊಂಡು, ಬೇಸ್‌ಬಾಲ್ ಬ್ಯಾಟು ಹಿಡಿದು ರೈಲು ಹತ್ತಲು ಬಂದ. ಆಯುಧವಾದೀತೆಂದು ಸೈನಿಕರು ಬ್ಯಾಟು ಕಿತ್ತುಕೊಂಡರು. ಆ ಹುಡುಗ ನಾರ್ಮನ್ ಮಿನೇಟಾ. 2001ರ ಸೆಪ್ಟೆಂಬರ್ 11ರ ದಾಳಿ ನಡೆದಾಗ ಅವರು ಅಮೆರಿಕದ ಸಾರಿಗೆ ಮಂತ್ರಿ.

ಜಪಾನಿಯರು ಬೆರೆಯಲಿಲ್ಲ, ಅದಕ್ಕೇ ಅನುಮಾನ ಬಂತು ಎಂಬ ವಾದ ಆಗಲೂ ಇತ್ತು, ಈಗಲೂ ಅಲ್ಲಲ್ಲಿ ಕೇಳುತ್ತದೆ. ಅದನ್ನು ಪರೀಕ್ಷೆ ಮಾಡಲು ಹವಾಯಿ ಸಾಕು. ದಾಳಿ ನಡೆದದ್ದು ಅಲ್ಲೇ. ಜನಸಂಖ್ಯೆಯ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಜಪಾನಿ ಮೂಲದವರು. ಊರತುಂಬ ದೇವಸ್ಥಾನ, ಭಾಷಾ ಶಾಲೆ. ಆದರೂ ಅಲ್ಲಿ ಸಾಮೂಹಿಕ ಬಂಧನ ನಡೆಯಲಿಲ್ಲ, ಶೇಕಡಾ ಒಂದೆರಡು ಮಂದಿಯನ್ನಷ್ಟೇ ಹಿಡಿದರು. ಅಷ್ಟೂ ಜನರನ್ನು ಎಬ್ಬಿಸಿದರೆ ತೋಟ, ಬಂದರು, ಅಂಗಡಿ ಎಲ್ಲ ನಿಲ್ಲುತ್ತಿತ್ತು. ಕ್ಯಾಲಿಫೋರ್ನಿಯಾದಲ್ಲಿ ಅವರು ಸಂಖ್ಯೆಯಲ್ಲಿ ಕಡಿಮೆ, ಮೇಲಾಗಿ ಅವರು ಬಿಟ್ಟುಹೋಗುವ ಜಮೀನಿನ ಮೇಲೆ ಕಣ್ಣಿಟ್ಟವರು ಬೇರೆ ಇದ್ದರು. ನಿರ್ಧಾರವಾದದ್ದು ಯಾರು ಎಷ್ಟು ಬೆರೆತಿದ್ದಾರೆ ಎಂದು ನೋಡಿ ಅಲ್ಲ.

ಆದೇಶ ಧಿಕ್ಕರಿಸಿದ ಫ್ರೆಡ್ ಕೊರೆಮಾತ್ಸು ಎಂಬ ವೆಲ್ಡರ್ ಹೆಸರು ಬದಲಾಯಿಸಿಕೊಂಡರು, ಕಣ್ಣಿನ ರೆಪ್ಪೆಗೆ ಆಪರೇಷನ್ ಕೂಡ ಮಾಡಿಸಿಕೊಂಡರು. ಬೆರೆಯುವುದಕ್ಕೆ ಇದಕ್ಕಿಂತ ಇನ್ನೇನು ಮಾಡಲು ಸಾಧ್ಯ? 1944ರಲ್ಲಿ ಸುಪ್ರೀಂ ಕೋರ್ಟ್ 6-3ರಿಂದ ಅವರ ವಿರುದ್ಧ ತೀರ್ಪು ಕೊಟ್ಟಿತು.

ಊಟದ ಹಜಾರದಲ್ಲಿ ಒಡೆದ ಮನೆ

ಹತ್ತು ದೊಡ್ಡ ಶಿಬಿರಗಳು. ಹೆಚ್ಚಿನವು ಮರುಭೂಮಿ ಅಥವಾ ಜೌಗು ನೆಲದಲ್ಲಿ. ತಂತಿಬೇಲಿ, ಕಾವಲು ಗೋಪುರ ಎಲ್ಲರಿಗೂ ಗೊತ್ತು. ಸಂಸ್ಕೃತಿಯ ಬುಡ ಅಲ್ಲಾಡಿದ್ದು ಮಾತ್ರ ಊಟದ ಹಜಾರದಲ್ಲಿ.

ಬ್ಯಾರಕ್ಕಿನಲ್ಲಿ ಅಡುಗೆಮನೆ ಇರಲಿಲ್ಲ. ಇಡೀ ಬ್ಲಾಕಿಗೆ ಒಂದೇ ಊಟದ ಹಜಾರ. ಗಂಟೆ ಹೊಡೆದಾಗ ತಟ್ಟೆ ಹಿಡಿದು ಸಾಲು. ಮಕ್ಕಳು ಗೆಳೆಯರ ಜೊತೆ ಕೂತು ಉಣ್ಣತೊಡಗಿದರು. ಅಪ್ಪ ಒಂದು ಕಡೆ, ಅಮ್ಮ ಕೈಕೂಸಿನ ಜೊತೆ ಇನ್ನೊಂದು ಕಡೆ. ಮನೆಮಾತು ಜಪಾನಿಯಾಗಿ ಉಳಿದದ್ದೇ ಊಟದ ಹೊತ್ತಿನಿಂದ. ಅದು ತಪ್ಪಿತು. ಅಪ್ಪನ ಜಮೀನು ಹೋಗಿತ್ತು. ಶಿಬಿರದ ಸಂಬಳ ತಿಂಗಳಿಗೆ 12ರಿಂದ 19 ಡಾಲರ್. ಇಂಗ್ಲಿಷ್ ಬಲ್ಲ ಮಗನಿಗೆ 19 ಬಂದರೆ ಅಪ್ಪನಿಗೆ 16. ಮನೆಯ ಯಜಮಾನಿಕೆ ಹಿರಿಯರ ಕೈಯಿಂದ ಸದ್ದಿಲ್ಲದೆ ಜಾರಿತು.

ಧರ್ಮವೂ ಬಟ್ಟೆ ಬದಲಾಯಿಸಿತು. ಅಮೆರಿಕದ ದೊಡ್ಡ ಜಪಾನಿ ಬೌದ್ಧ ಸಂಸ್ಥೆ 1944ರಲ್ಲಿ ಯೂಟಾದ ಟೋಪಾಜ್ ಶಿಬಿರದಲ್ಲಿ ಹೆಸರು ಬದಲಿಸಿಕೊಂಡು 'ಬುದ್ಧಿಸ್ಟ್ ಚರ್ಚಸ್ ಆಫ್ ಅಮೆರಿಕಾ' ಆಯಿತು. ಬುದ್ಧನಿಗೆ ಚರ್ಚು!

27 ಮತ್ತು 28ನೇ ಪ್ರಶ್ನೆ

1943ರಲ್ಲಿ ಶಿಬಿರದ ವಯಸ್ಕರಿಗೆಲ್ಲ ಸರ್ಕಾರ ಒಂದು ನಿಷ್ಠೆಯ ಅರ್ಜಿ ಹಂಚಿತು. 27ನೇ ಪ್ರಶ್ನೆ: ಸೈನ್ಯದಲ್ಲಿ ಕೆಲಸ ಮಾಡಲು ಸಿದ್ಧವೇ? 28ನೇದು: ಅಮೆರಿಕಕ್ಕೆ ನಿಷ್ಠೆ ಹೇಳಿ, ಜಪಾನಿನ ಚಕ್ರವರ್ತಿಯ ಮೇಲಿನ ನಿಷ್ಠೆ ಬಿಡುತ್ತೀರಾ?

ಸುಲಭ ಪ್ರಶ್ನೆ ಅನ್ನಿಸುತ್ತದೆ. ಆದರೆ ಇಸ್ಸೇಗೆ ಅಮೆರಿಕ ಪೌರತ್ವ ಕೊಡುತ್ತಿರಲಿಲ್ಲ. ಇರುವ ಜಪಾನನ್ನೂ ಬಿಟ್ಟರೆ ಅವರು ಯಾವ ದೇಶದವರೂ ಅಲ್ಲ. ಅಮೆರಿಕದಲ್ಲೇ ಹುಟ್ಟಿದ ನಿಸೇಗೆ ಇನ್ನೊಂದು ಸಂಕಟ. 'ಬಿಡುತ್ತೇನೆ' ಎಂದರೆ ಮೊದಲು ಇತ್ತು ಎಂದು ಒಪ್ಪಿಕೊಂಡ ಹಾಗೆ. ಇಸ್ಸೇಗಳಿಗಾಗಿ ಪ್ರಶ್ನೆಯ ಮಾತನ್ನು ಆಮೇಲೆ ತಿದ್ದಿದರು, ಅಷ್ಟರಲ್ಲಿ ಹುಳಿ ಹಿಂಡಿಯಾಗಿತ್ತು.

ಸಮುದಾಯ ಸೀಳಿದ್ದು ಇಲ್ಲಿಂದ. 1929ರಲ್ಲಿ ಹುಟ್ಟಿದ ಜಪಾನಿ ಅಮೆರಿಕನ್ ನಾಗರಿಕರ ಒಕ್ಕೂಟ, ಅಂದರೆ ಜೆಎಸಿಎಲ್, ಸರ್ಕಾರಕ್ಕೆ ಸಹಕರಿಸಿ ನಿಷ್ಠೆ ತೋರಿಸೋಣ ಎಂದಿತು. ನಿಸೇ ಯುವಕರ 442ನೇ ರೆಜಿಮೆಂಟು ಇಟಲಿ, ಫ್ರಾನ್ಸ್‌ಗಳಲ್ಲಿ ಹೋರಾಡಿ, ಅದರ ಗಾತ್ರಕ್ಕೆ ಹೋಲಿಸಿದರೆ ಅಮೆರಿಕದಲ್ಲೇ ಅತಿ ಹೆಚ್ಚು ಪದಕ ಪಡೆದ ದಳವಾಯಿತು. ಇನ್ನೊಂದು ಗುಂಪು ಮೊದಲು ನಮ್ಮ ಅಪ್ಪ ಅಮ್ಮನನ್ನು ಬೇಲಿಯಿಂದ ಹೊರಗೆ ಬಿಡಿ, ಆಮೇಲೆ ಯುದ್ಧಕ್ಕೆ ಬರುತ್ತೇವೆ ಎಂದಿತು. ಹಾರ್ಟ್ ಮೌಂಟನ್ ಶಿಬಿರದ 63 ಮಂದಿ ಒಂದೇ ವಿಚಾರಣೆಯಲ್ಲಿ ಜೈಲಿಗೆ ಹೋದರು. 5,500ಕ್ಕೂ ಹೆಚ್ಚು ಜನ ಅಮೆರಿಕದ ಪೌರತ್ವವನ್ನೇ ಬಿಟ್ಟುಕೊಟ್ಟರು. ಅವರಲ್ಲಿ ಹೆಚ್ಚಿನವರು ವರ್ಷಗಟ್ಟಲೆ ಹೋರಾಡಿ ಅದನ್ನು ಮರಳಿ ಪಡೆಯಬೇಕಾಯಿತು. ಸೈನ್ಯ ಸೇರಲು ಒಪ್ಪದವರನ್ನು ಅವರ ಜನವೇ ದಶಕಗಟ್ಟಲೆ ಹೇಡಿಗಳು ಎಂದು ಕರೆಯಿತು. ಜೆಎಸಿಎಲ್ ಅವರಲ್ಲಿ ಕ್ಷಮೆ ಕೇಳಿದ್ದು 2002ರಲ್ಲಿ.

ಗುಂಪುಗೂಡಬೇಡಿ

ಶಿಬಿರದಿಂದ ಬಿಡುವಾಗ ಅಧಿಕಾರಿಗಳ ಬುದ್ಧಿಮಾತು ಇಷ್ಟು: ಬೇರೆಬೇರೆ ಊರಿಗೆ ಹೋಗಿ, ಒಂದೇ ಬೀದಿಯಲ್ಲಿ ಮನೆ ಮಾಡಬೇಡಿ, ಹೊರಗೆ ಜಪಾನಿ ಮಾತಾಡಬೇಡಿ. ಸಾವಿರಾರು ಜನ ಶಿಕಾಗೋದಂಥ ಗೊತ್ತಿಲ್ಲದ ಊರುಗಳಿಗೆ ಹೋದರು. ನಿಸೇಗಳು ಮಕ್ಕಳಿಗೆ ಇಂಗ್ಲಿಷ್ ಹೆಸರಿಟ್ಟರು, ಭಾಷೆ ಕಲಿಸಲಿಲ್ಲ, ಶಿಬಿರದ ಮಾತು ಎತ್ತಲಿಲ್ಲ. 'ಶಿಕಾತಾ ಗಾ ನಾಯ್' ಎನ್ನುತ್ತಿದ್ದರು. ಏನೂ ಮಾಡೋಕಾಗಲ್ಲ ಅಂತ.

1966ರ ಹೊತ್ತಿಗೆ ಅಮೆರಿಕದ ಪತ್ರಿಕೆಗಳು ಇವರನ್ನು ಯಶಸ್ಸಿನ ಮಾದರಿ ಎಂದು ಹೊಗಳತೊಡಗಿದವು. ಜಗಳವಿಲ್ಲ, ದೂರಿಲ್ಲ, ಮಕ್ಕಳೆಲ್ಲ ಕಾಲೇಜಿನಲ್ಲಿ ಎಂದು. ವಿದ್ವಾಂಸರಲ್ಲಿ ಇಂದಿಗೂ ಎರಡು ಮತ. ಮೂರು ತಲೆಮಾರು ಕಳೆದರೆ ಯಾರಾದರೂ ಭಾಷೆ ಮರೆತು ಹೊರಗೆ ಮದುವೆಯಾಗುತ್ತಾರೆ, ಐರಿಷ್, ಇಟಾಲಿಯನ್ನರೂ ಹೀಗೇ ಆದರು ಎಂಬುದು ಒಂದು. ಇದರಲ್ಲಿ ಸತ್ಯ ಇಲ್ಲದಿಲ್ಲ. ಆದರೆ ಇಟಾಲಿಯನ್ನರಿಗೆ ಊರು ಬಿಡಿಸಿ, ಗುಂಪುಗೂಡಬೇಡಿ ಎಂದು ಹೇಳಿ ಕಳಿಸಿರಲಿಲ್ಲ ಎಂಬುದು ಇನ್ನೊಂದು. ಎರಡನೆಯದರಲ್ಲೇ ತೂಕ ಜಾಸ್ತಿ. ಹೆದರಿ ಮರೆತದ್ದನ್ನು ಸುಮ್ನೆ ಕಾಲ ಕಳೆದು ಮರೆತದ್ದರ ಜೊತೆ ಸೇರಿಸಿ ಲೆಕ್ಕ ಹಾಕಲಾಗದು.

ಮೌನ ಮುರಿದವರು ಸಾನ್ಸೇಗಳು. ಕರಿಯರ ನಾಗರಿಕ ಹಕ್ಕುಗಳ ಹೋರಾಟ ನೋಡುತ್ತಾ ಬೆಳೆದವರು. 1969ರಲ್ಲಿ ಮಂಜನಾರ್ ಶಿಬಿರದ ಪಾಳು ಜಾಗಕ್ಕೆ ಯಾತ್ರೆ ಹೊರಟರು. 1981ರಲ್ಲಿ ಸರ್ಕಾರದ ಆಯೋಗದ ಮುಂದೆ 750ಕ್ಕೂ ಹೆಚ್ಚು ಜನ ಸಾಕ್ಷಿ ಹೇಳಿದರು. ಎಷ್ಟೋ ಮಕ್ಕಳು ಅಪ್ಪ ಅಮ್ಮನ ಕಥೆ ಕೇಳಿದ್ದು ಅಲ್ಲೇ, ಮೈಕಿನಲ್ಲಿ. ಜನಾಂಗ ದ್ವೇಷ, ಯುದ್ಧದ ಉನ್ಮಾದ, ನಾಯಕರ ಸೋಲು ಇವೇ ಕಾರಣ ಎಂದು ಆಯೋಗ ಹೇಳಿತು. 1988ರಲ್ಲಿ ರೇಗನ್ ಸಹಿ ಮಾಡಿದ ಕಾನೂನಿನಂತೆ ಬದುಕಿದ್ದ ಒಬ್ಬೊಬ್ಬರಿಗೂ 20,000 ಡಾಲರ್ ಮತ್ತು ಕ್ಷಮಾಪಣೆ ಸಿಕ್ಕಿತು.

ಇಲ್ಲಿ ಒಂದು ವಿಚಿತ್ರ ನಡೆಯಿತು. ಭಾಷೆ ಹೋಗಿತ್ತು, ಬೀದಿ ಹೋಗಿತ್ತು. ಜಪಾನಿ ಅಮೆರಿಕನ್ ಎಂದು ಹೇಳಿಕೊಳ್ಳಲು ಉಳಿದ ದೊಡ್ಡ ಗುರುತು ಶಿಬಿರದ ನೆನಪೇ ಆಯಿತು. ಜಪಾನಿನಲ್ಲಿರುವ ಜಪಾನಿಯರಿಗೆ ಆ ನೆನಪಿಲ್ಲ. ಇದು ಅಮೆರಿಕದಲ್ಲೇ ಹುಟ್ಟಿದ ಗುರುತು.

ಹೋಲಿಕೆ ಸರಿಯೇ?

ಈಗ ಸುದ್ದಿಗೆ ಮರಳೋಣ. 2025ರ ಮಾರ್ಚ್‌ನಲ್ಲಿ ಟ್ರಂಪ್ ಸರ್ಕಾರ ವೆನೆಜುವೆಲಾದ ಗ್ಯಾಂಗಿನವರೆಂದು ಹೇಳಿ ಹಲವರನ್ನು ಗಡೀಪಾರು ಮಾಡಲು ಅದೇ 1798ರ ಕಾಯ್ದೆಯನ್ನು ತೆಗೆಯಿತು. ಎರಡನೇ ಮಹಾಯುದ್ಧದ ನಂತರ ಅದನ್ನು ಯಾರೂ ಹೊಸದಾಗಿ ಹೂಡಿರಲಿಲ್ಲ. ಅದೇ ತಿಂಗಳು ಸೈನ್ಯದ ವೆಬ್‌ಸೈಟಿನಿಂದ 442ನೇ ರೆಜಿಮೆಂಟಿನ ಪುಟ ಮಾಯವಾಗಿ, ಗಲಾಟೆಯಾದ ಮೇಲೆ ಮರಳಿ ಬಂತು. ಆಗಸ್ಟ್‌ನಲ್ಲಿ ಟೆಕ್ಸಾಸ್‌ನ ಫೋರ್ಟ್ ಬ್ಲಿಸ್‌ನಲ್ಲಿ ವಲಸಿಗರನ್ನು ಕೂಡಿಹಾಕುವ ದೊಡ್ಡ ಟೆಂಟು ಶಿಬಿರ ಶುರುವಾಯಿತು. ಯುದ್ಧಕಾಲದಲ್ಲಿ ಜಪಾನಿಯರನ್ನು ಇಟ್ಟಿದ್ದ ಜಾಗಗಳಲ್ಲಿ ಅದೂ ಒಂದು.

ಹೋಲಿಕೆ ತಪ್ಪು ಎನ್ನುವವರ ವಾದ ಹೀಗಿದೆ: ಅಂದು ಕೂಡಿಹಾಕಿದ್ದು ತಪ್ಪೇ ಮಾಡದ ಪ್ರಜೆಗಳನ್ನು, ಇಂದು ಹಿಡಿಯುತ್ತಿರುವುದು ಕಾನೂನು ಮುರಿದು ಬಂದವರನ್ನು. ಈ ವ್ಯತ್ಯಾಸ ನಿಜ, ಸಣ್ಣದೂ ಅಲ್ಲ. ಎದುರು ಪಕ್ಷ ಹೇಳುವುದು ಬೇರೆ. ಇಸ್ಸೇಗಳೂ ಪ್ರಜೆಗಳಾಗಿರಲಿಲ್ಲ, ಆಗಲು ಬಿಟ್ಟಿರಲಿಲ್ಲ. ವಿಚಾರಣೆ ಇಲ್ಲದೆ, ಗುಂಪಿನ ಹೆಸರಿನಲ್ಲಿ ಹಿಡಿಯುವ ವಿಧಾನ ಒಂದೇ ಎಂಬುದು ಅವರ ಮಾತು. 2019ರಲ್ಲಿ ಹುಟ್ಟಿದ 'ತ್ಸುರು ಫಾರ್ ಸಾಲಿಡಾರಿಟಿ' ಗುಂಪಿನವರು ಬಂಧನ ಕೇಂದ್ರಗಳ ಬೇಲಿಗೆ ಕಾಗದದ ಕೊಕ್ಕರೆಗಳ ಮಾಲೆ ಕಟ್ಟುತ್ತಾರೆ. ಅವರ ಮುಂಚೂಣಿಯಲ್ಲಿ ಟ್ಯೂಲಿ ಲೇಕ್ ಶಿಬಿರದಲ್ಲೇ ಹುಟ್ಟಿದ ಸಾತ್ಸುಕಿ ಇನಾ ಇದ್ದಾರೆ. 1942ರಲ್ಲಿ ನಮ್ಮ ಪರವಾಗಿ ಬೇಲಿಯಾಚೆ ನಿಂತು ಕೂಗಿದವರು ಕಡಿಮೆ, ಆ ಜಾಗದಲ್ಲಿ ಈಗ ನಾವು ನಿಲ್ಲಬೇಕು ಎಂಬುದು ಇಂಥವರ ಲೆಕ್ಕಾಚಾರ.

ನಮ್ಮವರಿಗೂ ತಟ್ಟುವ ಕೊಂಡಿ

ನಿಸೇಗಳಿಗೆ ಜಮೀನು ಉಳಿಸಿಕೊಟ್ಟ ಆ ಕಿಂಡಿ ನೆನಪಿದೆಯಲ್ಲ, ಹುಟ್ಟಿನಿಂದ ಬರುವ ಪೌರತ್ವ? 2025ರ ಜನವರಿ 20ರ ಟ್ರಂಪ್ ಆದೇಶ ಅದನ್ನೇ ಕಿರಿದಾಗಿಸಲು ಹೊರಟಿತು. ಕಾಗದವಿಲ್ಲದವರ ಮಕ್ಕಳಷ್ಟೇ ಅಲ್ಲ, ತಾಯಿ ತಾತ್ಕಾಲಿಕ ವೀಸಾದಲ್ಲಿದ್ದು ತಂದೆ ಪ್ರಜೆಯೋ ಗ್ರೀನ್ ಕಾರ್ಡ್‌ನವನೋ ಅಲ್ಲದಿದ್ದರೆ ಆ ಮಗುವಿಗೂ ಪೌರತ್ವ ಇಲ್ಲ ಎಂದಿತು. ಎಚ್‌-1ಬಿ ವೀಸಾದಲ್ಲಿರುವ ಬೆಂಗಳೂರಿನ ದಂಪತಿ ಸರಿಯಾಗಿ ಇದರೊಳಗೆ ಬರುತ್ತಾರೆ. ಗ್ರೀನ್ ಕಾರ್ಡಿನಲ್ಲಿ ಒಂದು ದೇಶಕ್ಕೆ ಶೇಕಡಾ 7ರ ಮಿತಿ ಇರುವುದರಿಂದ ಭಾರತೀಯರ ಸರದಿ ದಶಕಗಟ್ಟಲೆ ಉದ್ದ. ಕೋರ್ಟುಗಳು ಆದೇಶವನ್ನು ತಡೆದವು. ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ವಿಚಾರಣೆಗೆ ಎತ್ತಿಕೊಂಡಿತು. ಆ ಆದೇಶದ ಪ್ರಕಾರ ನಡೆದರೆ, ಅಲ್ಲೇ ಹುಟ್ಟಿಯೂ ಅಲ್ಲಿಯವರಲ್ಲದ ಮಕ್ಕಳ ಒಂದು ವರ್ಗ ಮತ್ತೆ ಹುಟ್ಟುತ್ತದೆ. ವಾದ ಪ್ರತಿವಾದಗಳಲ್ಲಿ ಮತ್ತೆಮತ್ತೆ ಬರುವ ಹೆಸರು ವಾಂಗ್ ಕಿಮ್ ಆರ್ಕ್.

ಸಾಕ್ಷಿಗಳು ಕಡಿಮೆಯಾಗುತ್ತಿದ್ದಾರೆ

1960ರಲ್ಲಿ ಅಮೆರಿಕದ ಏಷ್ಯನ್ ಗುಂಪುಗಳಲ್ಲಿ ಜಪಾನಿಯರೇ ದೊಡ್ಡವರು. ಇಂದು ಆರನೆಯವರು. 2020ರ ಗಣತಿಯಲ್ಲಿ ತಮ್ಮನ್ನು ಜಪಾನಿ ಮೂಲದವರೆಂದು ಬರೆಸಿದವರು ಸುಮಾರು 16 ಲಕ್ಷ, ಅವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಮಿಶ್ರ ಮೂಲದವರು. ಸೌಂದರ್ಯ ಸ್ಪರ್ಧೆಗೆ, ಬ್ಯಾಸ್ಕೆಟ್‌ಬಾಲ್ ಲೀಗಿಗೆ ಎಷ್ಟು ಪಾಲು ಜಪಾನಿ ರಕ್ತ ಬೇಕು ಎಂಬ ಜಗಳ ಅಲ್ಲಿ ವರ್ಷಗಟ್ಟಲೆ ನಡೆದಿದೆ. ಹಳೇ ಜಪಾನ್‌ಟೌನುಗಳಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಉಳಿದದ್ದು ಮೂರು: ಸ್ಯಾನ್ ಫ್ರಾನ್ಸಿಸ್ಕೊ, ಸ್ಯಾನ್ ಹೊಸೆ, ಲಿಟಲ್ ಟೋಕಿಯೋ. ಮೂರನೆಯದು ಬಾಡಿಗೆ ಏರಿಕೆಯ ಬಿಸಿಗೆ 2024ರಲ್ಲಿ ಅಮೆರಿಕದ ಅಳಿವಿನಂಚಿನ ಪಾರಂಪರಿಕ ತಾಣಗಳ ಪಟ್ಟಿ ಸೇರಿತು.

ಶಿಬಿರದಲ್ಲಿದ್ದವರಲ್ಲಿ ಇವತ್ತು ಬದುಕಿರುವ ಅತಿ ಚಿಕ್ಕವರಿಗೇ ಎಂಬತ್ತರ ಆಸುಪಾಸು. ಸಾಕ್ಷಿ ಹೇಳುವ ಬಾಯಿ ಇಲ್ಲವಾದರೆ ಉಳಿಯುವುದು ಫಲಕ, ಪುಟ, ಮ್ಯೂಸಿಯಂ. ವೆಬ್ ಪುಟವೊಂದು ಮಾಯವಾದರೆ ಇವರು ಅಷ್ಟು ಗಾಬರಿಯಾಗುವುದು ಅದಕ್ಕೇ. ಲಾಸ್ ಏಂಜಲೀಸ್‌ನ ಮ್ಯೂಸಿಯಂನಲ್ಲಿ ಬಂಧಿತರ 1,25,284 ಹೆಸರುಗಳ ದೊಡ್ಡ ಗ್ರಂಥ ಇಟ್ಟಿದ್ದರು. ಯೊನ್ಸೇ ಮಕ್ಕಳು ಓದಲು ತಡವರಿಸುತ್ತಾ ಮುತ್ತಜ್ಜಿಯ ಹೆಸರು ಹುಡುಕಿ ಅದರ ಪಕ್ಕ ಒಂದು ಸಣ್ಣ ನೀಲಿ ಚುಕ್ಕೆ ಒತ್ತುತ್ತಿದ್ದರು.

ಮಂಜನಾರ್ ಈಗ ರಾಷ್ಟ್ರೀಯ ಸ್ಮಾರಕ, ನೋಡಿಕೊಳ್ಳುವುದು ಕೇಂದ್ರ ಸರ್ಕಾರದ ಪಾರ್ಕ್ ಇಲಾಖೆ. ಸ್ಮಶಾನದಲ್ಲಿ ಬಂಧಿತರೇ 1943ರಲ್ಲಿ ಕಟ್ಟಿದ ಬಿಳಿ ಗೋಪುರವಿದೆ. ಬಂದವರು ಅದರ ಬುಡದಲ್ಲಿ ಕಾಗದದ ಕೊಕ್ಕರೆ, ಚಿಲ್ಲರೆ ಕಾಸು ಇಟ್ಟು ಹೋಗುತ್ತಾರೆ. 2025ರಲ್ಲಿ ಆ ಆವರಣಕ್ಕೂ ಒಂದು ಹೊಸ ಬೋರ್ಡು ಬಂತು. ಹಿಂದಿನ ಅಥವಾ ಇಂದಿನ ಅಮೆರಿಕನ್ನರ ಬಗ್ಗೆ ಕೆಟ್ಟದಾಗಿ ಹೇಳುವ ಮಾಹಿತಿ ಇಲ್ಲಿ ಕಂಡರೆ ತಿಳಿಸಿ ಎಂದು ಅದು ಕೇಳುತ್ತದೆ. ಪಕ್ಕದಲ್ಲಿ ಸ್ಕ್ಯಾನ್ ಮಾಡಲು ಕ್ಯೂಆರ್ ಕೋಡ್ ಇದೆ.